ಬೆನ್ನಿಗೆ ಹತ್ತಿದ ಮಣ್ಣು

ವಾದವನ್ನು ಅದರ ವ್ಯಾಖ್ಯೆಯಲ್ಲೇ ಹಿಡಿದು ಕೆಡವಬೇಕು ಎಂದು ಹಾವೇರಿಯ ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಸರ್ ಹೇಳುತ್ತಿದ್ದರು. ಆ ಚಟವನ್ನು ನಾನು ಬ್ಯಾಡಗಿಯ ಮನೆಗೂ ತಂದೆ. ನಮ್ಮೂರಲ್ಲಿ ‘ಬೆನ್ನಿಗೆ ಮಣ್ಣು ಹತ್ತಿತು’ ಎಂದರೆ ಸೋತ ಎಂದರ್ಥ. ಕುಸ್ತಿಯಲ್ಲಷ್ಟೇ ಅಲ್ಲ, ಚುನಾವಣೆಯಲ್ಲಿ ಬಿದ್ದವನಿಗೂ, ಮೆಣಸಿನಕಾಯಿ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವನಿಗೂ ಅದೇ ಮಾತು.

“ಬೆನ್ನು ನೆಲಕ್ಕ ಹತ್ತಿದ್ರ ಸೋತಂಗ ಅಂತ ಯಾರು ಠರಾಯಿಸಿದವರು? ಹಂಗಾದ್ರ ಮಲಗಿದವರೆಲ್ಲಾ ಸೋತವರೇನು?” ಎಂದು ಅಣ್ಣನನ್ನು ಕೇಳಿದ್ದೆ.

“ಅದಕ್ಕ ನಾವು ಮಗ್ಗಲಾಗಿ ಮಲಗ್ತೀವಿ, ವಕೀಲಿ” ಎಂದ.

ತಮಾಷೆಯಲ್ಲ. ಅವನು ಮಗ್ಗುಲಾಗಿಯೇ ಮಲಗುತ್ತಿದ್ದ.

ಅಣ್ಣ ಪೈಲ್ವಾನ. ಅವನ ಗರಡಿ ಮೆಣಸಿನಕಾಯಿ ಗೋದಾಮಿನ ಹಿಂದೆ ಇತ್ತು. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಹಾಲಿನ ತಂಬಿಗೆ ಹಿಡಿದು ಹೊರಗೇ ನಿಲ್ಲುತ್ತಿದ್ದ ನನಗೆ ಕೆಂಪು ಮಣ್ಣಿನ ಮೇಲೆ ಮೈಗಳು ಬೀಳುವ ಸದ್ದು ಮಾತ್ರ ಗೊತ್ತು. ಆ ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆಸುತ್ತಿದ್ದರು. ಅದನ್ನು ಹಚ್ಚಿಕೊಂಡರೆ ಗಾಯ ಮಾಯುತ್ತದೆ ಎಂಬ ನಂಬಿಕೆ. ಗಾಯ ಮಾಯುವುದು ಅರಿಸಿನದಿಂದ, ಮಣ್ಣಿನಿಂದಲ್ಲ ಎಂದು ನಾನು ಹೊಸ್ತಿಲಾಚೆಯಿಂದಲೇ ತಕರಾರು ತೆಗೆದಿದ್ದೆ. ಕುಸ್ತಿ ಕಲಿಸುವ ವಸ್ತಾದರು ಒಳಗಿನಿಂದ ಕೂಗಿದರು: “ಅರಿಸಿನ ನಿಮ್ಮ ಅಡಗಿ ಮನ್ಯಾಗೂ ಐತಲ್ಲವ್ವಾ, ನೀ ಯಾಕ ಪೈಲ್ವಾನ ಆಗಲಿಲ್ಲ?” ಒಳಗಿದ್ದವರೆಲ್ಲ ನಕ್ಕರು. ಅಣ್ಣನ ನಗೆಯೂ ಅದರಲ್ಲಿತ್ತು.

ಗುತ್ತಲ, ಮೇಡ್ಲೇರಿ ಕಡೆಯ ಕುಸ್ತಿಗಳಲ್ಲಿ ಬೆಳ್ಳಿ ಕಡಗ ಗೆದ್ದ ಮೇಲೆ ಅಣ್ಣ ಮುಂಬಯಿಗೆ ಹೋದ. ಅಲ್ಲಿ ಜಾಲರಿಯ ಬೋನಿನೊಳಗೆ ಗುದ್ದು, ಒದೆ, ಕುಸ್ತಿ ಎಲ್ಲವೂ ನಡೆಯುವ ಹೊಸ ಆಟವೊಂದಕ್ಕೆ ಸೇರಿದ. ಅದಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದು ಹೆಸರಿದೆ ಅಂತ ನಾನು ಹೇಳಿದರೂ ಊರವರು ‘ಬೋನಿನ ಕುಸ್ತಿ’ ಎಂದೇ ಕರೆದರು. ಹೊರಡುವ ದಿನ ವಸ್ತಾದರು ಅವನ ಹೆಗಲಿಗೆ ಚಿಟಿಕೆ ಮಣ್ಣು ಒರೆಸಿ, “ಎಲ್ಲೇ ಆಡು, ಬೆನ್ನು ಕಾಯ್ಕೊ” ಎಂದರಂತೆ.

ಮೂರು ಪಂದ್ಯ ಗೆದ್ದ. ನಾಲ್ಕನೆಯದರ ನಂತರ ಕಿವಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ಪೆಟ್ಟು ಜೋರಾಗಿ ಬಿತ್ತು ಎಂದಷ್ಟೇ ಎಲ್ಲರಿಗೂ ಹೇಳಿದ. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನನಗೆ ಮಾತ್ರ ನಡೆದದ್ದು ಹೇಳಿದ.

“ಅಂವ ನನ್ನ ಎತ್ತಿ ಒಗದ. ಬೆನ್ನು ಹತ್ತಿತು ನೋಡು, ಕೈ ಬಿಟ್ಟುಬಿಟ್ಟೆ. ಮುಗೀತು ಅಂತ ಎದ್ದು ಅವನ ಕೈ ಮುಟ್ಟಾಕ ಹೊಂಟಿದ್ದೆ. ಅಲ್ಲಿ ಹಂಗ ಮುಗಿಯೂದಿಲ್ಲ ಅಂತ ತಲಿಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಎದಿ ಮ್ಯಾಲ ಕುಂತು ಹೊಡದ.” ಕಿವಿಯ ಪಟ್ಟಿ ಒತ್ತಿಕೊಂಡು, “ವಸ್ತಾದ್ರಿಗೆ ಹೇಳಬ್ಯಾಡ. ಮುದುಕ ನೊಂದ್ಕೊಂತಾನ” ಎಂದ.

ಎಡಗಿವಿ ಹೋಯಿತು. ಅದರೊಂದಿಗೆ ಆಟವೂ ಹೋಯಿತು. ಆ ಮೈಗೆ ಬೆಂಗಳೂರಿನ ಸಿನಿಮಾದವರು ಕೆಲಸ ಕೊಟ್ಟರು. ಮೊದಲ ಚಿತ್ರ ರಾಣೆಬೆನ್ನೂರಿಗೆ ಬಂದಾಗ ಗರಡಿಯ ಹುಡುಗರು ಗುಂಪುಗಟ್ಟಿ ಹೋಗಿ ನೋಡಿ ಬಂದು ವರದಿ ಒಪ್ಪಿಸಿದರು: ತೋಳಿನಲ್ಲಿ ಏನೂ ಇಲ್ಲದ ನಾಯಕ ಎತ್ತಿ ಎಸೆಯುತ್ತಾನೆ, ನಮ್ಮ ಪೈಲ್ವಾನ ಕೆಸರಿನಲ್ಲಿ ಅಂಗಾತ ಬೀಳುತ್ತಾನೆ.

ಮುಂದೆ ಊರಿಗೆ ಬಂದವನು ಗರಡಿಗೆ ಹೋದಾಗ ವಸ್ತಾದರು ಬಾಗಿಲು ಹಾಕಿಸಿದರು. ನಾಲ್ಕು ದಿನ ಮನೆಯಲ್ಲಿ ಕೂತ. “ಒಮ್ಮೆ ಆ ಮಣ್ಣು ಮುಟ್ಟಿ ಹೋಗಬೇಕಿತ್ತು” ಎಂದು ನನ್ನ ಬಳಿ ಒಂದೇ ಸಲ ಅಂದ. ಐದನೆಯ ದಿನ ನಾನು ಹೋಗಿ ಹೊಸ್ತಿಲ ಹೊರಗೆ ನಿಂತೆ. ವಸ್ತಾದರು ಬಾಗಿಲಿಗೆ ಬಂದರು.

“ಕಾಕಾ, ಅದು ಕೆಲಸರಿ, ಸೋಲಲ್ಲ. ನಾಟಕದಾಗ ಸತ್ತಾಂವಗ ನೀವು ತಿಥಿ ಮಾಡ್ತೀರೇನು?”

“ನಾಟಕದಾಂವ ಬಣ್ಣ ಹಚ್ಕೊಂಡು ಸಾಯ್ತಾನವ್ವಾ. ಇಂವ ನಾ ತಿದ್ದಿದ ಮೈ ಒಯ್ದು ಕೆಡವ್ಯಾನ.”

ಉತ್ತರ ಚೆನ್ನಾಗಿತ್ತು. ಅದು ಚೆನ್ನಾಗಿದ್ದುದೇ ನನ್ನನ್ನು ಕೆರಳಿಸಿತು. ವೇದಿಕೆಯ ಮೇಲೆ ಕೊನೆಯ ನಿಮಿಷದ ಗಂಟೆ ಹೊಡೆದಾಗ ಕೈಯಲ್ಲಿರುವ ದೊಡ್ಡ ಕಲ್ಲನ್ನು ಎಸೆಯುವುದು ರೂಢಿ. ಎಸೆದೆ.

“ನೀವು ಕಲಿಸಿದ್ದಕ್ಕ ಅವನ ಕಿವಿ ಹೋತರಿ! ಬೆನ್ನು ಹತ್ತಿದ ಕೂಡ್ಲೆ ನಿಮ್ಮ ಮಾತು ನಂಬಿ ಕೈ ಬಿಟ್ಟ. ಬಿಡದಿದ್ರ ಇವತ್ತೂ ಆಡತಿದ್ದ.”

ವಸ್ತಾದರು ಗೋಡೆ ಹಿಡಿದು ಕೂತರು. “ಕರಕೊಂಡು ಬಾ” ಎಂದರು.

ಗೆದ್ದೆನೆಂದು ಮನೆಗೆ ಓಡಿದೆ. ಏನು ಹೇಳಿ ಒಪ್ಪಿಸಿದೆ ಎಂದು ಅಣ್ಣ ಕೇಳಿದ. ಹೇಳಿದೆ. ಅವನು ದನಿ ಏರಿಸಲಿಲ್ಲ.

“ಸಿಟ್ಟಿಲೆ ಹಾಕಿದ ಬಾಗಲಾ ಒಂದಿಲ್ಲೊಂದಿನ ತಾನ ತಗೀತಿದ್ದ. ಈಗ ಪಾಪ ಅಂತ ತಗದಾನ. ಹೆಂಗ ಒಳಗ ಹೋಗ್ಲಿ?” ಬಟ್ಟೆ ತುಂಬಿಕೊಳ್ಳತೊಡಗಿದ. “ಆತು, ಗೆದ್ದಿ ಬಿಡು.”

ಬೆಂಗಳೂರಿನ ಬಸ್ಸು ಹತ್ತಿದ. ಅಂದಿನಿಂದ ನನ್ನನ್ನು ವಕೀಲಿ ಎಂದು ಕರೆಯಲಿಲ್ಲ. ಆಗಷ್ಟೇ ಕೊಂಡ ಮೊಬೈಲಿನಲ್ಲಿ ನಾನೇ ಫೋನ್ ಮಾಡಿದರೆ, “ಊಟ ಆತೇನು?” ಎನ್ನುತ್ತಿದ್ದ. ಆತು ಎಂದರೆ ಫೋನ್ ಇಡುತ್ತಿದ್ದ.

ಅವನ ಚಿತ್ರ ಬಂದಾಗಲೆಲ್ಲ ರಾಣೆಬೆನ್ನೂರಿಗೆ ಒಬ್ಬಳೇ ಹೋಗುತ್ತಿದ್ದೆ. ಎರಡನೆಯ ಚಿತ್ರದಲ್ಲಿ ನಾಯಕ ಅವನನ್ನು ಜೀಪಿನಿಂದ ಎಸೆದ. ಅಣ್ಣ ಗಾಳಿಯಲ್ಲೇ ಹೊರಳಿ ಎದೆಯ ಮೇಲೆ ಬಿದ್ದ. ಮೂರನೆಯ, ನಾಲ್ಕನೆಯದರಲ್ಲೂ ಹಾಗೆಯೇ. ವಸ್ತಾದರಿಗಾಗಿಯೇ ಬೆನ್ನು ಕಾಯುತ್ತಿದ್ದಾನೆ ಎಂದುಕೊಂಡೆ. ಉಳಿದ ಕಿವಿ ಕಾಪಾಡಿಕೊಳ್ಳಲಿಕ್ಕಿರಬಹುದು, ನಿರ್ದೇಶಕರ ಇಷ್ಟವಿರಬಹುದು ಎಂದು ನನ್ನ ಊಹೆಗೆ ನಾನೇ ಆಕ್ಷೇಪ ಎತ್ತಿದೆ. ಪಕ್ಕದ ಕುರ್ಚಿಯಲ್ಲಿ ಎದುರುವಾದಿ ಯಾರೂ ಇರಲಿಲ್ಲ. ಬರುವಾಗ ಬ್ಯಾಡಗಿಯಲ್ಲಿಳಿದು ಸೀದಾ ಗರಡಿಗೆ ಹೋಗುತ್ತಿದ್ದೆ. ಕಣ್ಣಿಗೆ ಪೊರೆ ಬಂದಿದ್ದ ವಸ್ತಾದರು ಒಂದೇ ಪದ ಕೇಳುತ್ತಿದ್ದರು.

“ಬೆನ್ನು?”

“ಇಲ್ರಿ ಕಾಕಾ. ಎದಿ.”

ಐದನೆಯ ಚಿತ್ರದಲ್ಲಿ ಅವನೇ ಮುಖ್ಯ ಖಳ. ಉದ್ದುದ್ದ ಮಾತು, ಗೋಡೆಯ ಮೇಲೆ ಅವನದೂ ದೊಡ್ಡ ಪೋಸ್ಟರು. ಕೊನೆಯಲ್ಲಿ ನಾಯಕ ಅವನನ್ನು ತಲೆಯ ಮೇಲೆತ್ತಿ ಕೆಂಪು ನೆಲಕ್ಕೆ ಬಡಿದ. ಅಣ್ಣ ಅಂಗಾತ ಬಿದ್ದ. ಹೊರಳಲಿಲ್ಲ. ಜನ ಸೀಟಿ ಹೊಡೆಯುತ್ತಿದ್ದರು, ಕ್ಯಾಮರಾ ಮೇಲಿನಿಂದ ಅವನನ್ನು ನೋಡುತ್ತಲೇ ಇತ್ತು. ಎರಡು ಕೈಯೂ ಬಿಟ್ಟುಕೊಂಡು ಮಲಗಿದ್ದ.

ಗರಡಿಯಲ್ಲಿ ಹುಡುಗರು ಮಣ್ಣು ಅಗೆಯುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ.

“ಬೆನ್ನು?”

“ಎದಿರಿ.”

“ನೆಟ್ಟಗ ನೋಡಿಯೇನು?”

“ನೋಡೇನ್ರಿ. ಎದಿ ಮ್ಯಾಲನ ಬಿದ್ದ.”

ವಸ್ತಾದರು ಒಳಕ್ಕೆ ತಿರುಗಿ, “ಕೇಳ್ರಲೇ” ಎಂದರು.

ಆ ಹುಡುಗರೆಲ್ಲ ರವಿವಾರ ರಾಣೆಬೆನ್ನೂರಿಗೆ ಹೋಗುವವರಿದ್ದರು. ಅಷ್ಟು ಸಲೀಸಾಗಿ ಮುರಿಯಬಹುದಾದ ಮಾತನ್ನು ನಾನು ಯಾವ ವೇದಿಕೆಯ ಮೇಲೂ ಆಡಿರಲಿಲ್ಲ.