ಸೋಮವಾರದ ಹಾಲು

—ಅಥವಾ ಆ ಮಾತು ಡೈರಿಯ ಸೂಪರ್‌ವೈಸರ್ ಆಡಿದ್ದಲ್ಲ, ನಾನೇ ಆಡಿದ್ದೇನೋ. "ಜನ ಹೆಂಗೂ ಕಾಯಿಸಿ ಕುಡೀತಾರೆ ಬಿಡಿ." ಇಷ್ಟು ವರ್ಷ ಅದು ಅವರ ದನಿಯಲ್ಲೇ ಕೇಳಿಸಿದೆ; ಆದರೆ ನನಗೆ ಅನುಕೂಲವಾದ ನೆನಪನ್ನು ನಾನು ನಂಬುವುದಿಲ್ಲ. ಯಾರೇ ಆಡಿರಲಿ, ಸವಿತಾ—ಸೋಮವಾರದ ಹಾಲೂ ಸರಿಯಿಲ್ಲವೆಂದು ನನಗೆ ಗೊತ್ತಿತ್ತು.

ನಮ್ಮ ಬಡಾವಣೆಯ ಪಕ್ಕದ ಸಿಂಗಾಪುರದ ಆ ಸಣ್ಣ ಡೈರಿಯಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಯಂತ್ರದಲ್ಲಿ ಸರಿಯಾಗಿ ಕಾದ ಹಾಲಿಗೆ ಔಷಧಿ ಹಾಕಿದರೆ ಬೆಳ್ಳಗೇ ಉಳಿಯುತ್ತದೆ. ಕಾಯದಿದ್ದರೆ ಹಳದಿಗೆ ತಿರುಗುತ್ತದೆ; ಅಂಥ ಹಾಲಿನಲ್ಲಿ ಉಳಿದ ಕ್ರಿಮಿ ಬಸುರಿಯರಿಗೇ ಹೆಚ್ಚು ಅಪಾಯ. ಸೋಮವಾರ ತಿರುಗಿತು—ತುಸುವೇ, ಅಥವಾ ತುಸುವೇ ಎಂದು ಆಮೇಲೆ ಅಂದುಕೊಂಡೆ. "ಸರಿ ಇದೆ" ಎಂದು ಬರೆದು ಸಹಿ ಹಾಕಿದೆ. ಮಂಗಳವಾರ ನಿಚ್ಚಳ ಹಳದಿ. ಅಷ್ಟರಲ್ಲಿ ಪ್ಯಾಕೆಟ್‌ಗಳು ಅಂಗಡಿ ಸೇರಿದ್ದವು; ಆ ದಿನದ ಹಾಲನ್ನಷ್ಟೇ ವಾಪಸ್ ತರಿಸಿದರು. ಸೋಮವಾರದ್ದೂ ಎಂದು ಬಾಯಿಬಿಟ್ಟಿದ್ದರೆ ನನ್ನ ಸಹಿ ಹೊರಬೀಳುತ್ತಿತ್ತು. ಬಿಡಲಿಲ್ಲ.

ಸಂಜೆ ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಮನೆಮನೆಗೆ ಹೋಗಿ, ಇವತ್ತಿನ ಪ್ಯಾಕೆಟ್ ಚೆಲ್ಲಿ ಎಂದವಳೂ ನಾನೇ. ಎಲ್ಲರೂ ಹೊಗಳಿದರು. ಎಂಟು ತಿಂಗಳ ಬಸುರಿ ನೀನು ಬಾಗಿಲಿಗೊರಗಿ ನಕ್ಕೆ.

"ಅಕ್ಕಾ, ಫ್ರಿಜ್ಜಲ್ಲಿ ನಿನ್ನೇದು ಎರಡಿದೆ. ಅದನ್ನೂ ಚೆಲ್ಲಿಸಿಬಿಟ್ರೆ ನಾಳೆ ನನ್ನ ಸೀಮಂತಕ್ಕೆ ನೀವೇ ಹಸು ಹಿಡ್ಕೊಂಡು ಬರ್ಬೇಕು, ನೋಡಿ!"

"ನಿನ್ನೇದು ಆಗುತ್ತೆ ಕಣೇ," ಎಂದೆ.

ಕಾಯಿಸುತ್ತೀಯ ಎಂದುಕೊಂಡೆ. ಪಂಚಾಮೃತದ ಹಾಲನ್ನು ನಮ್ಮಲ್ಲಿ ಯಾರು ಕಾಯಿಸುತ್ತಾರೆ? ಮರುದಿನ ನಿನ್ನ ಅತ್ತೆ ಪ್ಯಾಕೆಟ್ ಕತ್ತರಿಸಿ ಬೆಳ್ಳಿ ಬಟ್ಟಲಿಗೆ ಸುರಿಯುವಾಗ ನಾನು ಪಕ್ಕದಲ್ಲೇ ಬಾಳೆಹಣ್ಣು ಹೆಚ್ಚುತ್ತಿದ್ದೆ. ನೋಡಿದೆ. ನನ್ನ ಚಾಕು ನಿಂತಿತೆ? ನಿಂತಿತೆಂದು ಬರೆಯಬೇಕೆನಿಸುತ್ತದೆ. ನಿನಗೆ ಮೊದಲು ಕೊಟ್ಟರು. ನೀನು ಇನ್ನೊಂದು ಸಲ ಕೈಯೊಡ್ಡಿದೆ. ನನ್ನ ಅಂಗೈಗೂ ಹಾಕಿದರು—ಸೆರಗಿಗೆ ಒರೆಸಿಕೊಂಡೆ.

ಹತ್ತು ದಿನಕ್ಕೆ ನಿನಗೆ ಜ್ವರ. ಮಗು ಹೊಟ್ಟೆಯಲ್ಲೇ ಹೋಯಿತು. ಏನೇನು ತಿಂದಿರಿ ಎಂದು ಡಾಕ್ಟರು ಕೇಳಿದಾಗ, ಹೊರಗಿನದು ಏನೂ ಇಲ್ಲ ಎಂದೆ ನೀನು. ನಾನು ಮಂಚದ ಪಕ್ಕ ಫ್ಲಾಸ್ಕ್ ಹಿಡಿದು ನಿಂತಿದ್ದೆ. ಏನೂ ಅನಿಸಲಿಲ್ಲ. ಈಗಲೂ, ಇದನ್ನು ಬರೆಯುವಾಗಲೂ, ಅನಿಸುತ್ತಿಲ್ಲ.

ಗ್ರಹಣದ ದಿನ ನೀನು ಅಂಗಳಕ್ಕೆ ಬಂದದ್ದೇ ಕಾರಣವೆಂದು ನಿನ್ನ ಅತ್ತೆ ಇವತ್ತಿಗೂ ಆಡುತ್ತಾರೆ. ನೀನು ತಲೆ ತಗ್ಗಿಸಿ ಕೇಳುತ್ತೀಯ. ಈ ಕಾಗದವನ್ನು ಅವರ ಮುಂದೆಯೇ ಓದು. ಆಮೇಲೆ ಡೈರಿಯವರಿಗೂ ಕೊಡು.

ಆದರೆ ಒಂದು ಮಾತು ಕೇಳಬೇಡ. ಬಟ್ಟಲು ತೊಳೆದಾಗಿತ್ತು, ಪ್ಯಾಕೆಟ್ ಕಸಕ್ಕೆ ಹೋಗಿತ್ತು, ಯಾರೂ ಏನನ್ನೂ ಪರೀಕ್ಷಿಸಲಿಲ್ಲ. ನಿನ್ನ ಮಗುವನ್ನು ಕೊಂದದ್ದು ಆ ಹಾಲೇ ಏನು—ನನಗೆ ಗೊತ್ತಿಲ್ಲ.