ಮಾವನವರ ಪಂಗತಿ, ನಾದಿನಿಯ ದೋಣಿ

ನನ್ನ ಮಾವನವರಿಗೆ ಗಜ, ಫೂಟು ಎಂದರೆ ತಲೆಗೇ ಹೋಗುತ್ತಿರಲಿಲ್ಲ. ಅವರ ಅಳತೆ ಪಂಗತಿ. ಹೊಸ ಮನೆಯ ಪಡಸಾಲೆ ಎಷ್ಟು ದೊಡ್ಡದಿರಬೇಕು ಎಂದು ಗೌಂಡಿ ಕೇಳಿದಾಗ, ಮನೆಮಂದಿಯನ್ನೆಲ್ಲ ಬಯಲಿನಲ್ಲಿ ಎದುರುಬದುರು ಎರಡು ಸಾಲಾಗಿ ಕೂರಿಸಿ, ಎಲ್ಲರ ಮುಂದೂ ತಾಟು ಇಡಿಸಿ, ನಡುವೆ ಬಡಿಸುವವರು ಓಡಾಡುವಷ್ಟು ಜಾಗ ಬಿಟ್ಟು, "ಇಷ್ಟು ಇರಲಿ" ಎಂದರಂತೆ. ಟ್ರ್ಯಾಕ್ಟರ್ ಕೊಳ್ಳುವಾಗಲೂ ಎಂಜಿನ್ನಿನ ಚಿಂತೆಯನ್ನು ಗಂಡುಮಕ್ಕಳಿಗೆ ಬಿಟ್ಟು, ತಾವು ಟ್ರೇಲರಿನೊಳಗೆ ಹತ್ತಿ ಕಾಲು ಮಡಚಿ ಕೂತು ನೋಡಿದ್ದರು. ಆ ಮನೆಯಲ್ಲಿ ಯಾರೂ ಒಬ್ಬರೇ ಉಣ್ಣುವಂತಿರಲಿಲ್ಲ. ಹೊಲದಿಂದ ತಡವಾಗಿ ಬಂದವನ ಎದುರು, ಹಸಿವಿರಲಿ ಬಿಡಲಿ, ಇನ್ನೊಬ್ಬರು ಅರ್ಧ ರೊಟ್ಟಿ ಹಿಡಿದು ಕೂರಲೇಬೇಕು.

ನಾನು ಬಾಗಲಕೋಟೆಯವಳು. ಹುನಗುಂದದ ಹತ್ತಿರದ ಆ ಒಕ್ಕಲುತನದ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ತಲೆಯ ಮೇಲೆ ಇಳಕಲ್ಲ ಸೀರೆಯ ಸೆರಗು ಸದಾ ಇರುತ್ತಿತ್ತು, ಬಾಯಿಗೆ ಮಾತ್ರ ಸೆರಗಿರಲಿಲ್ಲ. ಘಟಪ್ರಭೆಯ ದಂಡೆಯಲ್ಲಿ ಬೆಳೆದವಳಾದ್ದರಿಂದ ದೋಣಿಯ ವಿಷಯ ಬಂದರೆ ನನ್ನ ಮಾತೇ ಕೊನೆಯದೆಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದವಳು ನಾದಿನಿ. ಎಳವೆಯಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಕೋಲು ಹಿಡಿದರೆ ನಡೆಯಬಲ್ಲಳು, ಆದರೆ ಕೋಲು ಹಿಡಿಯಲು ಯಾರಾದರೂ ಬಿಟ್ಟರೆ ತಾನೆ! ಅವಳು ಎದ್ದರೆ ಸಾಕು, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ಬಂದು ರಟ್ಟೆ ಹಿಡಿಯುತ್ತಿದ್ದರು. ಪಂಚಮಿಯಲ್ಲಿ ಓಣಿಯ ಹುಡುಗಿಯರೆಲ್ಲ ಜೋಕಾಲಿ ಜೀಕುವಾಗ ಅವಳನ್ನು ಹೊರಸಿನ ಮೇಲೆ ಕೂರಿಸಿ, ಕೈಗೆ ಉಂಡಿ ಕೊಟ್ಟು, "ನೋಡವಾ, ಛಲೋ ಕಾಣಸ್ತೈತಿ" ಎನ್ನುತ್ತಿದ್ದರು. ಅವಳ ತೋಳುಗಳ ಕಡೆಗೆ ಯಾರ ಲಕ್ಷ್ಯವೂ ಇರಲಿಲ್ಲ. ಬೀಸುವ ಕಲ್ಲು, ಮಜ್ಜಿಗೆ ಕಡೆಯುವುದು, ಕೈಯಿಂದ ತಿರುಗಿಸುವ ಹೊಲಿಗೆ ಮಷೀನು, ಹೀಗೆ ಕೂತು ಮಾಡುವ ಕೆಲಸವೆಲ್ಲ ಅವಳ ಪಾಲಿನದು. ಅವಳು ಮುಂಗೈ ಹಿಡಿದರೆ ನನ್ನ ಗಂಡನೂ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದರು.

ಟ್ರ್ಯಾಕ್ಟರ್ ಬಂದ ವರ್ಷ, ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಎಡೆಯ ಚರಗ ಚೆಲ್ಲಿ ಮುಗಿದ ಮೇಲೆ, ಉಳಿದ ಹುರುಪಿನಲ್ಲಿ ಎಲ್ಲರೂ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮೊಸರು ಕಟ್ಟಿಕೊಂಡು ಬಾಗಲಕೋಟೆ ಹತ್ತಿರದ ಮುಚಖಂಡಿ ಕೆರೆಗೆ ಹೋದೆವು. ಊಟವಾಗಿ ಉಳಿದವರು ನೆರಳಿನಲ್ಲಿ ಅಡ್ಡಾದರು. ದಂಡೆಯಲ್ಲಿ ಮೀನು ಹಿಡಿಯುವವರ ಒಂದು ಪುಟ್ಟ ದೋಣಿ ಇತ್ತು. ದೋಣಿಯವನನ್ನು ಕೇಳಿ, ನಾದಿನಿಯನ್ನು ಅದರಲ್ಲಿ ಕೂರಿಸಿ, ನಾನು ಎದುರಿಗೆ ಕೂತೆ. ಹುಟ್ಟುಗಳನ್ನು ಅವಳ ಕೈಗೇ ಕೊಟ್ಟೆ. ಮೊದಲು ದೋಣಿ ಇದ್ದಲ್ಲೇ ಸುತ್ತಿತು. ಸ್ವಲ್ಪ ಹೊತ್ತಿಗೆ ಎರಡೂ ಕೈ ಒಂದೇ ಹದಕ್ಕೆ ಬಂದವು, ದಂಡೆ ಹಿಂದೆ ಸರಿಯತೊಡಗಿತು. ಅವಳ ಮುಖದಲ್ಲಿ ಬೆವರು, ನಗು ಎರಡೂ ಇದ್ದವು.

"ವೈನಿ," ಎಂದಳು ತಿರುಗಿ ಬಂದ ಮೇಲೆ, "ಇಷ್ಟು ದೂರ ಹೋಗಿ ಬಂದ್ನಿ, ಯಾರೂ ನನ್ನ ಹಿಡಕೊಂಡಿದ್ದಿಲ್ಲ ನೋಡ್ರಿ."

ಇವಳಿಗೊಂದು ದೋಣಿ ಬೇಕೇ ಬೇಕು ಎಂದು ಅಲ್ಲಿಯೇ ತೀರ್ಮಾನಿಸಿಬಿಟ್ಟೆ.

ಮನೆಗೆ ಬಂದು ಅವಳ ಬಾಯಿಂದಲೇ ಕೇಳಿಸಿದೆ. ಮಗಳು ಕೇಳಿದ್ದಕ್ಕೆ ಮಾವನವರು ಇಲ್ಲ ಎಂದವರಲ್ಲ. ಮರುದಿನವೇ ಕಮತಗಿಯ ಬಡಿಗೇರನನ್ನು ಕರೆಸಿದರು. ಬಂಡಿ ಮಾಡುವುದರಲ್ಲಿ ಪಳಗಿದ ಕೈ ಅವನದು, ದೋಣಿ ಮಾಡಿದ್ದು ಅಷ್ಟಕ್ಕಷ್ಟೇ. "ಎಷ್ಟು ದೊಡ್ಡದು ಬೇಕ್ರಿ ಸಾವುಕಾರ್ರ?" ಎಂದು ಅವನು ಕೇಳಿದ. ನಾನು ಬಾಗಿಲ ಮರೆಯಲ್ಲಿ ನಿಂತು, "ಸಣ್ಣದು!" ಎಂದೆ. ಅಷ್ಟರಲ್ಲಿ ಮಾವನವರು ಪಡಸಾಲೆಯಲ್ಲಿ ಮನೆಮಂದಿಯನ್ನು ಎರಡು ಸಾಲು ಕೂರಿಸುತ್ತಿದ್ದರು. ತಾಟುಗಳೂ ಬಂದವು.

"ಮಾವಾರ, ದೋಣ್ಯಾಗ ಯಾರೂ ಉಣ್ಣಂಗಿಲ್ರಿ," ಎಂದೆ.

"ನಮ್ಮ ಮನಿ ದೋಣ್ಯಾಗ ನಮ್ಮ ಮನಿ ಮಂದಿ ಹಿಡಿಸಲಿಲ್ಲಂದ್ರ ಹೆಂಗವಾ?" ಎಂದರು ಅವರು. ಬಡಿಗೇರ ಹಗ್ಗ ಹಿಡಿದು ಪಂಗತಿಯ ಸುತ್ತಳತೆ ತೆಗೆದುಕೊಂಡು ಹೋದ.

ದೋಣಿ ಬಂತು. ದೋಣಿ ಎನ್ನುವುದಕ್ಕಿಂತ ಗೋಡೆ ಇರುವ ಪಡಸಾಲೆ ಎನ್ನಬೇಕು. ಕೆರೆಯ ದಂಡೆಯಲ್ಲಿ ಬಿಟ್ಟು ಬಂದರೆ ಹಲಗೆ ಒಲೆಗೆ ಹೋಗುವುದು ಖಚಿತ, ಹಾಗಾಗಿ ಪ್ರತಿಸಲವೂ ಟ್ರೇಲರಿನಲ್ಲಿ ಒಯ್ದು ತರಬೇಕು. ಟ್ರೇಲರಿನಲ್ಲಿ ಅದನ್ನು ಹೇರಿದ ಮೇಲೆ ಗೊತ್ತಾಯಿತು, ಮನೆಯವರಿಗೆ ಕೂರಲು ಜಾಗವೇ ಇಲ್ಲ. ಮಾವನವರು ಎದೆಗುಂದಲಿಲ್ಲ. "ದೋಣ್ಯಾಗ ಕುಂದರ್ರಿ" ಎಂದರು. ಹಾಗೆ ನಾವೆಲ್ಲ ಟ್ರೇಲರಿನ ಮೇಲಿನ ದೋಣಿಯಲ್ಲಿ ಕೂತು, ಕಮತಗಿಯ ಸಂತೆಯ ನಡುವೆ, ಒಣರಸ್ತೆಯ ಮೇಲೆ ಹಾಯ್ದು ಹೋದೆವು. "ಮಳಿ ಯಾವಾಗ ಬರ್ತದಂತ್ರಿ?" ಎಂದು ಒಬ್ಬ ಕೂಗಿ ಕೇಳಿದ. ಅತ್ತೆಯವರು ಸೆರಗು ಮುಖಕ್ಕೆ ಎಳೆದುಕೊಂಡರು.

ಕೆರೆಯಲ್ಲಿ ಅದನ್ನು ಇಳಿಸಲು ದಾರಿಹೋಕರನ್ನೆಲ್ಲ ಕರೆಯಬೇಕಾಯಿತು. ಬಡಿಗೇರ ಬಂಡಿಯ ಹಲಗೆಯಷ್ಟೇ ದಪ್ಪನೆಯದನ್ನು ಹಾಕಿದ್ದ. ನೀರಿಗೇನೋ ಬಿದ್ದಿತು, ತೇಲಿತು ಕೂಡ. ಆದರೆ ಅದರ ಹುಟ್ಟುಗಳು ನೇಗಿಲಿನಷ್ಟು ಭಾರ. ಗಂಡಸರಿಬ್ಬರು ಅವನ್ನು ಹಿಡಿದರು. ನಾದಿನಿಯನ್ನು ಎತ್ತಿ ತಂದು ನಟ್ಟನಡುವೆ, ರೊಟ್ಟಿಯ ಬುಟ್ಟಿಗಳ ಪಕ್ಕ ಕೂರಿಸಿದರು. ಎಲ್ಲರೂ ಹಾಡಿದರು, ಉಂಡರು, ಮಾವನವರಂತೂ ಹಿಗ್ಗಿ ಹೀರೇಕಾಯಿಯಾದರು. ನಾದಿನಿ ಮಾತ್ರ ಕೈಯಲ್ಲಿದ್ದ ರೊಟ್ಟಿ ಮುರಿಯದೆ ಹುಟ್ಟುಗಳನ್ನೇ ನೋಡುತ್ತ ಕೂತಿದ್ದಳು.

ಮನೆಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದಳು: "ಮನ್ಯಾಗ ಕುಂದರ್ಸಿದಂಗ ನೀರಾಗೂ ಕುಂದರ್ಸಿದ್ರು ವೈನಿ. ಇನ್ನ ನಾ ಕೆರಿಗೆ ಬರಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಮಾವನವರ ಎದುರೇ ನಿಂತೆ. ದೋಣಿ ಹೇಗಿರಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಟ್ರೇಲರಿನ ಹಿಂದಿನ ಬಾಗಿಲು ಹಾಕಿದರೂ ಒಳಗೆ ಹಿಡಿಸಬೇಕು, ಪಕ್ಕದಲ್ಲಿ ಮಂದಿಯೂ ಕೂರಬೇಕು. ಇಬ್ಬರು ಹೆಂಗಸರು ಜಾರಿಸಿ ನೀರಿಗೆ ಇಳಿಸುವಷ್ಟು ಹಗುರ ಇರಬೇಕು. ಗೋಡೆ ತಗ್ಗಿರಬೇಕು, ಅವಳು ಕೂತಲ್ಲಿಂದಲೇ ಒಳಗೆ ಸರಿದುಕೊಳ್ಳುವಂತೆ. ಅಗಲ ಅವಳ ಎರಡು ಕೈ ಚಾಚಿದಷ್ಟರೊಳಗೆ.

"ಇಬ್ಬರ ಪಂಗತಿಗೆ ಯಾರರ ದೋಣಿ ಮಾಡಸ್ತಾರೇನವಾ?" ಎಂದರು.

"ಇಬ್ಬರಿಗಲ್ರಿ ಮಾವಾರ. ಒಬ್ಬಾಕಿಗೆ."

ಅವರ ಮುಖ ಇಳಿಯಿತು. ತಗ್ಗಿದ ದನಿಯಲ್ಲಿ, "ಆಕಿಗೆ ಲಗ್ನಿಲ್ಲ, ಮಕ್ಕಳಿಲ್ಲ. ನಾ ಹೋದ ಮ್ಯಾಲ ಆಕಿ ಒಬ್ಬಾಕಿನ ಆಗಬಾರದು ಅಂತ ಇಷ್ಟೆಲ್ಲಾ ಮಂದಿ ನಡುವ ಇಟ್ಟೇನಿ. ನೀ ನೋಡಿದ್ರ ಈಗ ಒಬ್ಬಾಕಿನ್ನ ನೀರಿಗೆ ಬಿಡು ಅಂತಿ" ಎಂದರು.

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು, ಹಟ ಮಾತ್ರ ಇಳಿಯಲಿಲ್ಲ. "ಬಿಟ್ಟು ನೋಡ್ರಿ," ಎಂದೆ, "ತಿರುಗಿ ಬರ್ತಾಳ. ಬರಲಿಲ್ಲಂದ್ರ ನನ್ನ ಕೇಳ್ರಿ."

ಅವರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದು ಹಿಡಿದು ಬಡಿಗೇರನಿಗೆ ಮತ್ತೆ ಹೇಳಿಕಳಿಸಿದೆ. ಈ ಸಲ ಪಡಸಾಲೆಯಲ್ಲಿ ನಾದಿನಿಯೊಬ್ಬಳೇ ಕೂತಳು. ಅವಳ ಕೈಗೆ ಎರಡು ಒನಕೆ ಕೊಟ್ಟು, ಹುಟ್ಟು ಹಾಕಿದಂತೆ ಹಿಂದಕ್ಕೆ ಬಾಗಿ ಮುಂದಕ್ಕೆ ಚಾಚು ಎಂದೆ. ಅವಳ ಮೊಣಕೈ ಹೋದಲ್ಲೆಲ್ಲ, ಒಳ್ಳೆಯ ಕಾಲು ಒತ್ತಿ ನಿಂತಲ್ಲಿ, ನೆಲದ ಮೇಲೆ ರಂಗೋಲಿ ಗೆರೆ ಎಳೆದೆ. ಮಾವನವರ ಸಮಾಧಾನಕ್ಕೆ ಬೆನ್ನಿನ ಹಿಂದೆ ಇನ್ನೊಬ್ಬರು ಕಾಲು ಮುದುರಿ ಕೂರುವಷ್ಟು ಬಿಟ್ಟೆ, ಹೆಚ್ಚಿಗೆ ಒಂದು ಬೆರಳೂ ಇಲ್ಲ. "ಇದು ದೋಣಿಯೋ, ಅಂಗಿಯೋ ಅವ್ವಾರ?" ಎಂದು ಬಡಿಗೇರ ನಕ್ಕ. ಅಂಗಿಯಂತೆಯೇ ಹೊಲಿ ಎಂದೆ. ತೆಳ್ಳನೆಯ ಸಾಗವಾನಿ ಹಲಗೆ ಬಳಸಿ, ಸಂದಿಗಳಿಗೆ ಹತ್ತಿ ತುರುಕಿ ಡಾಂಬರು ಬಳಿದು, ನಿಜಕ್ಕೂ ಚೆಂದ ಮಾಡಿಕೊಟ್ಟ. ದೊಡ್ಡ ದೋಣಿ ಎಮ್ಮೆಗಳ ಗೋದಲಿಯಾಯಿತು. ಎಮ್ಮೆಗಳ ಪಂಗತಿಗೆ ಅದು ಹೇಳಿ ಮಾಡಿಸಿದ ಅಳತೆ.

ಮುಂದಿನ ಸಲ ಕೆರೆಯಲ್ಲಿ ನಾನೂ ನನ್ನ ಗಂಡನ ತಮ್ಮನ ಹೆಂಡತಿಯೂ ದೋಣಿಯನ್ನು ಟ್ರೇಲರಿನಿಂದ ಜಾರಿಸಿದೆವು. ಗಂಡಸರು ಮುಂದೆ ಬಂದಾಗ ಕೆಕ್ಕರಿಸಿ ನೋಡಿ ನಿಲ್ಲಿಸಿದೆ. ನಾದಿನಿ ದಂಡೆಯಲ್ಲಿ ಕೂತು, ಕೈಯೂರಿ, ತಾನೇ ಒಳಗೆ ಸರಿದಳು. ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಂಡಳು. ಗಾಳಿ ತುಂಬಿದ ಟ್ಯೂಬೊಂದನ್ನು ಪಕ್ಕಕ್ಕೆ ಕಟ್ಟಿಕೊಟ್ಟೆ. ಯಾರ ಕಡೆಯೂ ನೋಡದೆ ಹೊರಟಳು.

ಮಾವನವರು ದಂಡೆಯಲ್ಲಿ ನಿಂತೇ ಇದ್ದರು. ಬುತ್ತಿ ಬಿಚ್ಚಲು ಬಿಡಲಿಲ್ಲ. ದೋಣಿ ನಡುನೀರು ದಾಟಿ ಸಣ್ಣದಾಗುತ್ತ ಹೋದಂತೆ ಅವರು ಒಂದೊಂದೇ ಹೆಜ್ಜೆ ನೀರಿಗಿಳಿದರು. "ಸಾಕು ಬಾರವಾ" ಎಂದು ಕೂಗಿದರು. ದನಿ ಮುಟ್ಟಲಿಲ್ಲ. "ಏನಾರ ಆದ್ರ ನಿನ್ನ ಬಿಡಂಗಿಲ್ಲ ನೋಡು" ಎಂದು ನನ್ನತ್ತ ತಿರುಗಿದರು. ನನಗೂ ಹೆದರಿಕೆ ಇತ್ತು, ಆದರೆ ಅದನ್ನು ತೋರಿಸಿಕೊಳ್ಳುವ ಜಾತಿ ನನ್ನದಲ್ಲ.

ಕೊನೆಗೆ ದೋಣಿ ಈ ಕಡೆ ಮುಖ ಮಾಡಿತು. ಹುಟ್ಟು ಹಾಕುತ್ತಿದ್ದ ಅವಳ ಬೆನ್ನು ನಮ್ಮ ಕಡೆ, ತೋಳುಗಳು ಒಂದೇ ಹದದಲ್ಲಿ ಆಡುತ್ತಿದ್ದವು. ಮಾವನವರು ಮೊಣಕಾಲುದ್ದ ನೀರಿನಲ್ಲಿ, ಮಗಳನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿ ನಿಂತರು. ನಾದಿನಿ ಹೆಗಲ ಮೇಲಿಂದ ಹೊರಳಿ ನೋಡಿದಳು. ಮುಖ ಕೆಂಪಾಗಿತ್ತು, ಹೆರಳು ಬಿಚ್ಚಿಹೋಗಿತ್ತು.

"ಅಪ್ಪಾ, ದಂಡಿಗೆ ಹೋಗು," ಎಂದಳು. "ನನಗ ತಿರುಗಸಾಕ ಜಾಗಾ ಬೇಕು."

ಮಾವನವರು ಚಾಚಿದ ಕೈಗಳನ್ನು ಇಳಿಸಿದರು. ಒದ್ದೆ ಧೋತರ ಹಿಡಿದುಕೊಂಡು ಹಿಂದೆ ಸರಿದರು. ಅವಳು ದೋಣಿ ತಿರುಗಿಸಿ ಮತ್ತೆ ನಡುನೀರಿಗೆ ಹೋದಳು.