ಹವಳದ ಮೇಲೆ ಅಳಿಯನ ಕಾಲು

ಸಮುದ್ರದ ನೀರಿಗೆ ಕಾಲಿಟ್ಟ ಮೊದಲ ದಿನವೇ ನಾನು ನನ್ನ ಅಳಿಯನಿಗೆ ಹೊಡೆದೆ. ಜನ ಇದನ್ನು ಅವರವರಿಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗಿದ್ದಾರೆ. ಬಸವೇಶ್ವರನಗರದಲ್ಲಿ ಒಂದು ಥರ, ನಮ್ಮ ಸುಂಕದಕಟ್ಟೆಯಲ್ಲಿ ಇನ್ನೊಂದು ಥರ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಬರೆಯುವುದು ನನ್ನ ಕಸುಬಲ್ಲ. ಆದರೂ ನಡೆದದ್ದು ನಡೆದ ಹಾಗೇ ಒಂದು ಕಡೆ ಇರಲಿ.

ಸುಂಕದಕಟ್ಟೆಯ ಮಾಗಡಿ ರಸ್ತೆಯಲ್ಲಿ ನನ್ನದು ಗ್ರಿಲ್, ಗೇಟು ಮಾಡುವ ಶೆಡ್ಡು. ನಂದಿನಿ ಲೇಔಟಿನಿಂದ ಕೆಂಗೇರಿವರೆಗೆ ಎಷ್ಟು ಮನೆಗಳ ಮುಂದೆ ನಾನು ಬೆಸುಗೆ ಹಾಕಿದ ಗೇಟು ನಿಂತಿದೆಯೋ ನನಗೇ ಗೊತ್ತಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಕಟ್ಟಿಸಿದೆ. ಒಬ್ಬಳೇ ಮಗಳು, ಬಿ.ಕಾಂ. ಓದಿಸಿದೆ. ಯಾರ ಮುಂದೆಯೂ ಕೈ ಚಾಚದೆ ಮದುವೆ ಮಾಡಿದೆ. ಹುಡುಗನ ಮನೆಯವರದು ಬಸವೇಶ್ವರನಗರದಲ್ಲಿ ಟೈಲ್ಸ್ ಅಂಗಡಿ. ಒಳ್ಳೆ ಬಣ್ಣ, ನಯವಾದ ಮಾತು, ಇಸ್ತ್ರಿ ಮುರಿಯದ ಶರ್ಟು.

ಧಾರೆಗೆ ಮುಂಚೆ ನಾನೂ ನನ್ನ ಹೆಂಡತಿಯೂ ಅವನ ಪಾದಗಳನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಹಾಲು ನೀರು ಹಾಕಿ ತೊಳೆದೆವು. ಕಬ್ಬಿಣ ಹಿಡಿದು ಹಿಡಿದು ನನ್ನ ಅಂಗೈ ಅರದ ಹಾಗೆ ಆಗಿದೆ. ಅದು ತಾಗಿದ್ದೇ ಅವನು ಕಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡ. ಸುತ್ತ ನಿಂತಿದ್ದವರು ನಕ್ಕರು, ನಾನೂ ನಕ್ಕೆ. ನಮ್ಮಲ್ಲಿ ಆ ಶಾಸ್ತ್ರ ಆದಮೇಲೆ ಅಳಿಯ ದೇವರ ಜಾಗದಲ್ಲಿ ಕೂತವನು. ವಯಸ್ಸಿನಲ್ಲಿ ಎಷ್ಟೇ ಚಿಕ್ಕವನಾದರೂ ‘ಬನ್ನಿ, ಕೂತ್ಕೊಳ್ಳಿ’ ಅನ್ನಬೇಕು. ಎಲೆ ಹಾಕಿದರೆ ಮೊದಲು ಅವನಿಗೇ ಬಡಿಸಬೇಕು. ಕಾಲು ತೊಳೆದ ಕೈ ಅವನ ಮೇಲೆ ಏಳಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಮದುವೆಯಾದ ವರ್ಷವೇ ಅಂಡಮಾನಿಗೆ ಹೋಗುವ ಮಾತು ಬಂತು. ಗಂಡ ಹೆಂಡತಿ ಇಬ್ಬರೇ ಹೋಗಿ ಬರಲಿ ಎಂದು ನಾನಂದೆ. ಮಗಳು ಫೋನಿನಲ್ಲಿ ಹಟ ಹಿಡಿದಳು. ಅಮ್ಮ ಸಮುದ್ರ ನೋಡಿಲ್ಲ, ನೀನೂ ಶೆಡ್ಡು ಬಿಟ್ಟು ಎಲ್ಲೂ ಹೋದವನಲ್ಲ, ಬರಲೇಬೇಕು ಅಂದಳು. ಹೆಣ್ಣುಮಕ್ಕಳ ಪ್ರೀತಿ ಎಂದು ನಾವಿಬ್ಬರೂ ಉಬ್ಬಿಹೋದೆವು.

ದೊಡ್ಡ ದ್ವೀಪದಿಂದ ಸಣ್ಣ ದ್ವೀಪಕ್ಕೆ ಬೆಳಗ್ಗೆ ಹಡಗು. ಅಲೆ ಹಡಗಿನ ಪಕ್ಕೆಗೆ ಸುತ್ತಿಗೆಯಲ್ಲಿ ಬಾರಿಸಿದ ಹಾಗೆ ಬಡಿಯುತ್ತಿತ್ತು. ನನ್ನ ಹೆಂಡತಿ ದಾರಿಯುದ್ದಕ್ಕೂ ಕವರಿನಲ್ಲಿ ವಾಂತಿ ಮಾಡಿಕೊಂಡಳು. ಅಳಿಯ ಮುಖ ಕಿವುಚಿ ಬೇರೆ ಸೀಟಿಗೆ ಹೋಗಿ ಕೂತ. ಮಗಳು ಅಮ್ಮನ ಬೆನ್ನು ನೀವುತ್ತಿದ್ದಳು. ಮೈಯೆಲ್ಲ ಬೆವರು, ಆದರೂ ಮಣಿಕಟ್ಟಿನವರೆಗೆ ತೋಳಿರುವ ಕುರ್ತಾ. ಯಾಕಮ್ಮ ಇಷ್ಟು ಸೆಕೆಯಲ್ಲಿ ಅಂದೆ. ಬಿಸಿಲಿಗೆ ಕಪ್ಪಾಗ್ತೀನಿ ಅಪ್ಪ ಅಂದಳು.

ದ್ವೀಪದಲ್ಲಿ ನಮ್ಮ ಗೈಡು ಅಲ್ಲಿಯವನೇ. ಒಣಗಿದ ಹಗ್ಗದಂಥ ಮೈ, ಕೊರಳಲ್ಲಿ ಸೀಟಿ, ಕೈಯಲ್ಲಿ ಒಂದು ಬೆತ್ತ. ಅವನ ಮಾತು ಹಿಂದಿ. ನನ್ನ ಶೆಡ್ಡಿನಲ್ಲಿ ಬಿಹಾರದ ಹುಡುಗರಿರುವುದರಿಂದ ನನಗೆ ಅರ್ಥವಾಗುತ್ತಿತ್ತು, ಹೆಂಡತಿಗೆ ನಾನೇ ಹೇಳುತ್ತಿದ್ದೆ. ನೋಡುವ ಮುಖ್ಯ ಜಾಗ ಒಂದು ಕಲ್ಲಿನ ಕಮಾನು. ಯಾರೂ ಕಟ್ಟಿದ್ದಲ್ಲ, ಸಮುದ್ರವೇ ಬಡಿದೂ ಬಡಿದೂ ಬಂಡೆಯ ಹೊಟ್ಟೆ ಕಿತ್ತು ಮಾಡಿದ್ದು. ನೀರು ಇಳಿದಾಗ ಮಾತ್ರ ಅದರ ಬುಡಕ್ಕೆ ನಡೆದು ಹೋಗಬಹುದು. ನೀರು ಇಳಿದ ಜಾಗದಲ್ಲೆಲ್ಲ ಹವಳ. ಗೈಡು ಮೊದಲೇ ಹೇಳಿದ: ಇದು ಕಲ್ಲಲ್ಲ, ಜೀವ, ಕಾಲಿಟ್ಟ ಕಡೆ ಸಾಯುತ್ತದೆ, ನಾನು ತುಳಿದ ಕಡೆ ಮಾತ್ರ ತುಳಿಯಿರಿ. ಬ್ಲೇಡಿಗಿಂತ ಹರಿತ, ರಬ್ಬರ್ ಶೂ ಹಾಕಿಕೊಳ್ಳಿ. ಸೀಟಿ ಊದಿದರೆ ನೀರು ಏರುತ್ತಿದೆ ಎಂದರ್ಥ, ಏನೇ ನೋಡುತ್ತಿದ್ದರೂ ಬಿಟ್ಟು ವಾಪಸ್ ಹೊರಡಬೇಕು.

ದಡದಲ್ಲಿ ಒಂದು ಅಂಗಡಿಯಲ್ಲಿ ಬಾಡಿಗೆ ಶೂ ಕೊಡುತ್ತಿದ್ದರು. ನಾವು ಮೂವರೂ ಹಾಕಿಕೊಂಡೆವು. ಕಂಡವರು ಮೆಟ್ಟಿದ ಶೂ ನನಗೆ ಬೇಡ ಎಂದು ಅಳಿಯ ತನ್ನ ಚಪ್ಪಲಿಯಲ್ಲೇ ಇಳಿದ.

ಬೇರು ಮೇಲಾಗಿ ಬಿದ್ದ ಮರಗಳನ್ನು ದಾಟಿ ಹೋದೆವು. ಗಾಳಿ ಕಿತ್ತು ಎಸೆದದ್ದಂತೆ. ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿ, ಗುಂಡಿಯಲ್ಲಿ ನಿಂತ ನೀರು ಗಾಜಿನ ಹಾಗೆ. ಒಂದು ಚಿಪ್ಪು ನೀಲಿ ತುಟಿ ತೆರೆದು ಮಲಗಿತ್ತು. ಗೈಡು ಬೆತ್ತದ ನೆರಳು ಬೀಳಿಸಿದ್ದೇ ಪಟ್ಟನೆ ಮುಚ್ಚಿಕೊಂಡಿತು. ಇನ್ನೊಂದು ಗುಂಡಿಯಲ್ಲಿ ಆಕ್ಟೋಪಸ್ಸು, ಅಂಗೈಯಷ್ಟೇ ಇದ್ದದ್ದು, ಒಂದು ಏಡಿಯನ್ನು ತಬ್ಬಿಕೊಂಡಿತ್ತು. ಏಡಿಯ ಕಾಲು ಒಂದೊಂದೇ ಆಡುವುದು ನಿಂತಿತು. ನನ್ನ ಹೆಂಡತಿ ಅಯ್ಯೋ ಬಿಡಿಸಿ ಅಂದಳು. ಗೈಡು ನಕ್ಕ. ಇಲ್ಲಿ ಪ್ರತಿಯೊಂದೂ ಇನ್ನೊಂದನ್ನು ತಿನ್ನುತ್ತಲೇ ಇರುತ್ತದೆ ಅಮ್ಮ, ನೀರು ತಿಳಿಯಾಗಿದೆ ಎಂದು ಚೆಂದ ಕಾಣುತ್ತದೆ ಅಷ್ಟೇ ಅಂದ.

ಮಗಳು ಒಂದು ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಪ್ಪು ಸೌತೆಕಾಯಿಯಂಥ ಒಂದು ಪ್ರಾಣಿಯನ್ನು ನೋಡುತ್ತಿದ್ದಳು. ಅದು ನೀರು ಚಿಮ್ಮಿಸಿದ್ದಕ್ಕೆ ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಅಳಿಯ ಕಮಾನಿನ ಕೆಳಗಿನಿಂದ ಕರೆದ, ಫೋಟೋ ತೆಗಿ ಎಂದು. ಅವಳು ಹೋದಳು. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಸರಿಯಾಗಿ ಬರಲಿಲ್ಲ, ಇನ್ನೊಂದು, ಹಿಂದೆ ಹೋಗು, ಇನ್ನೂ ಹಿಂದೆ ಎಂದು ಹೇಳುತ್ತಿದ್ದ. ಪಾಚಿಯ ಮೇಲೆ ಅವಳ ಕಾಲು ಜಾರಿತು. ಬೀಳದೆ ಸಾವರಿಸಿಕೊಂಡಳು, ಆದರೆ ಅವನ ಫೋನು ಕೈಬಿಟ್ಟು ನೀರಿಗೆ ಹೋಯಿತು.

ಅವನು ಹತ್ತಿರ ಬಂದು ಅವಳ ಕೆನ್ನೆಗೆ ಹೊಡೆದ. ಅಲೆಯ ಸದ್ದಿನಲ್ಲೂ ಆ ಏಟು ಕೇಳಿಸಿತು.

“ಒಂದ್ ಫೋನ್ ಹಿಡ್ಯೋಕೂ ಯೋಗ್ಯತೆ ಇಲ್ಲ ನಿಂಗೆ. ಗೇಟ್ ಮಾಡೋನ್ ಮಗಳು ತಾನೆ ನೀನು,” ಅಂದ.

ಆ ಮಾತಿಗೆ ನಾನು ಹೊಡೆಯಲಿಲ್ಲ. ನಾನು ಗೇಟು ಮಾಡುವವನೇ, ಅವಳು ನನ್ನ ಮಗಳೇ. ನನ್ನ ಹೆಂಡತಿ ಆಗಲೇ ಹಿಂದಿನಿಂದ ನನ್ನ ಶರ್ಟು ಹಿಡಿದುಕೊಂಡಿದ್ದಳು.

“ರೀ, ಬೇಡ ಕಣ್ರೀ. ಕಾಲು ತೊಳ್ದಿದೀವಿ.”

ನಾನು ನಿಂತೆ. ನಿಜವಾಗಿಯೂ ನಿಂತೆ. ಅವನು ಕೈ ಮತ್ತೆ ಎತ್ತಿದ. ಆಗ ಮಗಳು ಎಡ ಮೊಣಕೈ ಮುಖಕ್ಕೆ ಅಡ್ಡ ತಂದು, ಗದ್ದ ಎದೆಗೊತ್ತಿ, ಕಣ್ಣು ಮುಚ್ಚಿಕೊಂಡಳು. ಅದನ್ನು ನೋಡಿ ನನಗೆ ಎಲ್ಲ ಗೊತ್ತಾಯಿತು. ಕೆಲಸ ಕಲಿಯುವಾಗ ನಾನು ಮೇಸ್ತ್ರಿಯ ಕೈಯಲ್ಲಿ ವರ್ಷಗಟ್ಟಲೆ ಒದೆ ತಿಂದವನು. ಮೊದಲ ಸಲ ಏಟು ಬಿದ್ದವರು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾರೆ, ಇದೇನಾಯಿತು ಎಂದು. ಮೊಣಕೈ ಏಳುವುದು ರೂಢಿಯಾದವರಿಗೆ ಮಾತ್ರ. ಉದ್ದ ತೋಳಿನ ಕುರ್ತಾ ಯಾಕೆ, ನಮ್ಮನ್ನು ಹಟ ಮಾಡಿ ಜೊತೆಗೆ ಕರೆತಂದದ್ದು ಯಾಕೆ, ಅಷ್ಟೂ ಆ ಒಂದು ಮೊಣಕೈಯಲ್ಲಿತ್ತು.

ಶರ್ಟು ಹರಿದು ಅರ್ಧ ಹೆಂಡತಿಯ ಕೈಯಲ್ಲೇ ಉಳಿಯಿತು. ಎಡಗೈಯಲ್ಲಿ ಅವನ ಕಾಲರು ಹಿಡಿದು ಬಲಗೈಯಲ್ಲಿ ಬಾಯಿಗೆ ಹೊಡೆದೆ. ಮೂಗಿನಿಂದಲೂ ತುಟಿಯಿಂದಲೂ ರಕ್ತ ಬಂತು. ಎರಡನೆಯದಕ್ಕೆ ಅವನು ಅಂಗಾತ ಬಿದ್ದ, ಚಪ್ಪಲಿ ಕಾಲಿಂದ ಕಳಚಿ ನೀರಲ್ಲಿ ತೇಲಿತು. ಏಳಲು ಹೋಗಿ ಬರಿಗಾಲನ್ನು ಹವಳದ ಮೇಲೆ ಊರಿದ. ಅದು ಅವನ ಪಾದವನ್ನು ಹಿಮ್ಮಡಿಯಿಂದ ಮುಂದಕ್ಕೆ ಸೀಳಿತು. ಕೂಗುತ್ತಲೇ ಕೈಗೆ ಸಿಕ್ಕಿದ ಹವಳದ ತುಂಡು ಎತ್ತಿ ನನ್ನ ಹುಬ್ಬಿಗೆ ಬಾರಿಸಿದ. ಒಂದು ಕಣ್ಣು ಕೆಂಪಾಗಿ ಮುಚ್ಚಿಹೋಯಿತು. ಇನ್ನೊಂದು ಕಣ್ಣಿನಲ್ಲಿ ನೋಡಿಕೊಂಡೇ ಅವನನ್ನು ಎಬ್ಬಿಸಿ ಕಮಾನಿನ ಕಲ್ಲಿಗೆ ಒತ್ತಿ ಗಂಟಲು ಹಿಡಿದೆ.

ಬೇರೆ ಗುಂಪಿನವರು ಸುತ್ತ ನಿಂತು ಫೋನು ಎತ್ತಿ ವಿಡಿಯೋ ಮಾಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ. ನನ್ನ ಬೆರಳ ಕೆಳಗೆ ಅವನ ಗಂಟಲ ಗಂಟು ಮೇಲೆ ಕೆಳಗೆ ಹೋಗುತ್ತಿತ್ತು. ಇನ್ನು ಸ್ವಲ್ಪ ಒತ್ತಿದರೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಏಡಿಯ ಕಾಲು ನೆನಪಾಯಿತು. ಅಷ್ಟರಲ್ಲಿ ಗೈಡು ಬೆತ್ತದಿಂದ ನನ್ನ ಮಣಿಕಟ್ಟಿಗೆ ಬಿಗಿಯಾಗಿ ಹೊಡೆದ. ಕೈ ಬಿಟ್ಟುಹೋಯಿತು. ಟೂರಿಗೆ ಬಂದಿದ್ದೀಯೋ ಕೊಲೆ ಮಾಡಲು ಬಂದಿದ್ದೀಯೋ ಎಂದು ಬೈದ, ಜೀವ ಇರುವ ಹವಳದ ಮೇಲೆ ನಿಂತಿದ್ದೀಯ, ಕಾಲು ತೆಗಿ ಎಂದೂ ಬೈದ. ಆಮೇಲೆ ಸೀಟಿ ಊದಿದ. ನೋಡಿದರೆ ನೀರು ನಮ್ಮ ಮೊಣಕಾಲಿನವರೆಗೆ ಬಂದಿತ್ತು.

ಸೀಳಿದ ಕಾಲಿನಲ್ಲಿ ಅಳಿಯ ನಡೆಯುವ ಹಾಗಿರಲಿಲ್ಲ. ಗೈಡು ಒಂದು ಕಡೆ ಹೆಗಲು ಕೊಟ್ಟ, ಇನ್ನೊಂದು ಕಡೆಗೆ ಯಾರೂ ಬರಲಿಲ್ಲ. ನಾನೇ ಕೊಟ್ಟೆ. ಅಲೆ ಹಿಂದಿನಿಂದ ತಳ್ಳುತ್ತಿತ್ತು, ಒಬ್ಬರನ್ನೊಬ್ಬರು ಬಿಟ್ಟರೆ ಇಬ್ಬರೂ ಬಂಡೆಗೆ ಬಡಿದುಕೊಳ್ಳುತ್ತಿದ್ದೆವು. ನನ್ನ ಹುಬ್ಬಿನ ರಕ್ತ ಅವನ ಶರ್ಟಿಗೆ, ಅವನ ಮೂಗಿನದು ನನ್ನ ಹೆಗಲಿಗೆ. ಅರ್ಧ ದಾರಿಯಲ್ಲಿ ಅವನು ನನ್ನ ಕಿವಿಯ ಹತ್ತಿರ ಮೆಲ್ಲಗೆ ಮಾತಾಡಿದ.

“ಊರಿಗೆ ಹೋಗೋಣ ಬನ್ನಿ ಮಾವ. ನಿಮ್ಮ ಮಗಳು ಬಾಗಿಲು ಹಾಕ್ಕೊಂಡು ಮಲ್ಗೋದು ನಮ್ಮನೇಲೇ ತಾನೆ.”

ನನ್ನ ಹೊಟ್ಟೆಯೊಳಗಿದ್ದ ಬೆಂಕಿ ಅಲ್ಲಿಗೆ ಆರಿಹೋಯಿತು. ನಾನು ಕೊಟ್ಟ ಒಂದೊಂದು ಏಟನ್ನೂ ಅವನು ಅವಳ ಮೈಮೇಲೆ ತೀರಿಸುತ್ತಾನೆ. ಅಲ್ಲಿ ಬೆತ್ತ ಹಿಡಿದ ಗೈಡು ಇರುವುದಿಲ್ಲ.

ದಡದಲ್ಲಿ ಅವನನ್ನು ತೆಂಗಿನ ಮರದ ಬುಡದಲ್ಲಿ ಕೂರಿಸಿದೆವು. ಹವಳ ಕೊಯ್ದ ಗಾಯ ತಕ್ಷಣ ತೊಳೆಯದಿದ್ದರೆ ಕೀವಾಗುತ್ತದೆ, ಒಳಗೆ ಚೂರು ಉಳಿಯುತ್ತದೆ ಎಂದು ಗೈಡು ಹೇಳಿ, ನೀರಿನ ಬಾಟಲಿಯನ್ನು ಪಕ್ಕದಲ್ಲಿದ್ದ ನನ್ನ ಕೈಗೇ ಕೊಟ್ಟು ಆಟೋ ಕರೆಯಲು ಓಡಿದ. ನನ್ನ ಹೆಂಡತಿ ಅಳುತ್ತಿದ್ದಳು.

“ತೊಳ್ದು ತಪ್ಪಾಯ್ತು ಅನ್ನಿ. ಅವಳು ಅಲ್ಲಿ ಬಾಳ್ಬೇಕು.”

ನಾನು ಇದುವರೆಗೆ ಯಾರಿಗೂ ಬಗ್ಗಿದವನಲ್ಲ. ಬಿಲ್ಡರುಗಳು, ಕಾರ್ಪೊರೇಷನ್ನಿನವರು, ಬಡ್ಡಿಯವರು, ಯಾರಿಗೂ. ಆ ಮರಳಿನಲ್ಲಿ ಮಂಡಿಯೂರಿದೆ. ಅವನ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಈ ಸಲ ಅವನು ಕಾಲು ಹಿಂದೆಳೆದುಕೊಳ್ಳಲಿಲ್ಲ. ಒಡೆದ ತುಟಿಯಲ್ಲೇ ನನ್ನನ್ನು ನೋಡಿ ನಗುತ್ತಿದ್ದ. ತಪ್ಪಾಯ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಟಲಿಯ ಮುಚ್ಚಳ ತಿರುಗಿಸಿದೆ.

ಮಗಳು ಬಂದು ಬಾಟಲಿ ಕಿತ್ತುಕೊಂಡಳು.

“ಏಳಪ್ಪ. ಒಂದ್ಸಲ ತೊಳ್ದಿದ್ದೇ ಸಾಕು.”

ಅದನ್ನು ಅವನ ಮಡಿಲಿಗೆ ಹಾಕಿದಳು. “ನೀವೇ ತೊಳ್ಕೊಳ್ಳಿ,” ಅಂದಳು. “ನಾನು ಅಪ್ಪನ್ ಮನೆಗೆ ಹೋಗ್ತಾ ಇದೀನಿ.”

ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಇತ್ತು. ಆದರೆ ಅವನು ಹೆಸರು ಹಿಡಿದು ಕೂಗಿದಾಗ ಈ ಸಲ ಮೊಣಕೈ ಏಳಲಿಲ್ಲ. ಆಟೋ ಬಂದು ಅವನನ್ನು ದ್ವೀಪದ ಆಸ್ಪತ್ರೆಗೆ ಕರೆದುಕೊಂಡು ಹೋಯಿತು, ಅವನ ಜೊತೆ ಹತ್ತಿದ್ದು ಗೈಡು ಒಬ್ಬನೇ. ನನ್ನ ಹುಬ್ಬಿಗೆ ಮಗಳೇ ತನ್ನ ವೇಲು ಕಟ್ಟಿದಳು. ವಾಪಸ್ ಹಡಗಿನಲ್ಲಿ ಅವಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಲೆ ಬಡಿಯುತ್ತಲೇ ಇತ್ತು, ಅವಳಿಗೆ ಎಚ್ಚರವಾಗಲಿಲ್ಲ.

ಊರಿಗೆ ಬಂದ ವಾರದಲ್ಲೇ ಬೀಗರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅಳಿಯನ ಪಾದಕ್ಕೆ ಹೊಲಿಗೆ ಬಿದ್ದಿದೆ, ಊರವರ ಮುಂದೆ ಮಾನ ಹೋಗಿದೆ, ವಿಡಿಯೋ ಎಲ್ಲರ ಫೋನಿಗೂ ಬಂದಿದೆ ಅಂದರು. ತಪ್ಪೊಪ್ಪಿಕೊಂಡು ಹುಡುಗಿಯನ್ನು ಕಳಿಸಿಕೊಟ್ಟರೆ ಇಲ್ಲಿಗೇ ಮುಗಿಸೋಣ ಅಂದರು. ಅವರಲ್ಲಿ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡರು.

“ಕಾಲು ತೊಳೆದ ಕೈಯಲ್ಲೇ ಹೊಡೆದ್ಬಿಟ್ಟೆಯಲ್ಲೋ ಮಾರಾಯ.”

ನಾನು ಏನಾದರೂ ಹೇಳುವ ಮೊದಲು ಮಗಳು ಒಳಗಿನಿಂದ ಕಾಫಿ ತಂದಳು. ತನ್ನ ಹಳೆಯ ಅರ್ಧ ತೋಳಿನ ಚೂಡಿದಾರ್ ಹಾಕಿಕೊಂಡಿದ್ದಳು. ಒಬ್ಬೊಬ್ಬರ ಮುಂದೆಯೂ ಬಗ್ಗಿ ಲೋಟ ಇಟ್ಟಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು, ಹಳದಿ, ನೇರಳೆ ಕಲೆಗಳು. ಕೆಲವು ಈಚಿನವು, ಕೆಲವು ಎಷ್ಟು ಹಳೆಯವೋ. ಅವಳೇನೂ ಅವಸರ ಮಾಡಲಿಲ್ಲ. ಹಿರಿಯರು ನನ್ನ ಕೈ ಬಿಟ್ಟರು. ಎಲ್ಲರೂ ಲೋಟ ನೋಡಿಕೊಂಡೇ ಕಾಫಿ ಕುಡಿದರು. ಹೊರಡುವಾಗ ನನ್ನ ಗೇಟಿನ ಚಿಲಕ ತೆಗೆಯಲು ಅವರಿಗೆ ಬರಲಿಲ್ಲ. ಮಗಳೇ ಹೋಗಿ ತೆಗೆದಳು, ಅವರು ಹೊರಗೆ ಹೋದ ಮೇಲೆ ಹಾಕಿಕೊಂಡು ಬಂದಳು.